ಶುಭ ಶುಕ್ರವಾರದ ಮೃದಂಗ

ಆ ಕಾಲದಲ್ಲಿ ರಾಮನವಮಿ ಬಂತೆಂದರೆ ಮೈಸೂರಿಗೆಲ್ಲ ಪಾನಕದ ವಾಸನೆ, ನಮ್ಮ ಮನೆಗೆ ಮಾತ್ರ ಹಸಿ ಚರ್ಮದ ವಾಸನೆ. ಬೇಲದ ಹಣ್ಣು, ಬೆಲ್ಲ, ಏಲಕ್ಕಿ ನಿಮಗೆ ನೆನಪಿರಬಹುದು. ದೊನ್ನೆಯಲ್ಲಿ ಕೋಸಂಬರಿ ತಿಂದು, ಚಪ್ಪರದಡಿ ಚಾಪೆಯ ಮೇಲೆ ಅಮ್ಮನ ತೊಡೆಗೆ ತಲೆಯಿಟ್ಟು ಸಂಗೀತ ಕೇಳುತ್ತಾ ನಿದ್ದೆ ಹೋದದ್ದೂ ನೆನಪಿರಬಹುದು. ನೆನೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ನಾನು ಆ ಚಪ್ಪರವನ್ನು ನೋಡಿದ್ದು ಹಿಂಬದಿಯಿಂದ. ಹಿಂಬದಿಯಿಂದ ನೋಡಿದರೆ ಯಾವುದೂ ಅಷ್ಟು ಚೆನ್ನಾಗಿರುವುದಿಲ್ಲ.

ನನ್ನ ಅಪ್ಪ ಚೌರಪ್ಪ ಮೃದಂಗ ಕಟ್ಟುವವನು. ನಾವು ಕ್ರೈಸ್ತರು. ಚರ್ಚಿನ ಹಿಂದಿನ ಗಲ್ಲಿಯಲ್ಲಿ ತಾತ ಮುತ್ತಾತನ ಕಾಲದಿಂದ ಇದ್ದವರು, ಅದೇ ಕಸುಬು. ಈಗ ವಿಮಾನ ಇಳಿಯುತ್ತದಲ್ಲ, ಆ ಮಂಡಕಳ್ಳಿಯ ಕಡೆಯಿಂದ ಅಪ್ಪ ಸೈಕಲ್ಲಿನ ಹಿಂದೆ ಗೋಣಿಯಲ್ಲಿ ಸುತ್ತಿ ಚರ್ಮ ತರುತ್ತಿದ್ದ. ಅದನ್ನು ಬೂದಿ ನೀರಿನಲ್ಲಿ ನೆನೆಹಾಕಬೇಕು. ಕೂದಲು ಮೆತ್ತಗಾದ ಮೇಲೆ ಮೊಂಡು ಚಾಕುವಿನಲ್ಲಿ ಹೆರೆಯಬೇಕು. ಹೆರೆಯುವವಳು ನಾನು. ಕೂದಲು ಉಗುರಿನ ಸಂದಿಗೆ ಹೋಗುತ್ತಿತ್ತು, ನೊಣ ಕಣ್ಣಿನ ಕೊನೆಗೆ ಬಂದು ಕೂರುತ್ತಿತ್ತು. ಸಾಬೂನು ಹಚ್ಚಿ, ಸೀಗೆ ಹಚ್ಚಿ, ನಿಂಬೆ ಹೋಳು ತಿಕ್ಕಿ ಅನ್ನಕ್ಕೆ ಕೈ ಹಾಕಿದರೂ ಮೊದಲ ತುತ್ತಿನ ಜೊತೆ ಆ ವಾಸನೆಯೇ ಬಾಯಿಗೆ ಬರುತ್ತಿತ್ತು. ಅದನ್ನು ಇಷ್ಟಪಟ್ಟೆ, ಅದು ನಮ್ಮ ಮಣ್ಣಿನ ವಾಸನೆ ಅಂತೆಲ್ಲ ಹೇಳುವ ಚಟ ನನಗಿಲ್ಲ. ಅಸಹ್ಯವಾಗುತ್ತಿತ್ತು. ಇವತ್ತಿಗೂ ಅಸಹ್ಯವೇ.

ಶಾಲೆಯಲ್ಲಿ ನನ್ನ ಹೆಸರು ಜ್ಞಾನಮ್ಮ. ಹುಡುಗಿಯರು ಕರೆಯುತ್ತಿದ್ದದ್ದು ತೊಗಲು ಗ್ಯಾನಿ. ಒಣಗಿದ ಚರ್ಮದ ಚೂರನ್ನು ದುಂಡಗೆ ಕತ್ತರಿಸಿ ಕುಂಟೆಬಿಲ್ಲೆ ಆಡುತ್ತಿದ್ದೆ. ಬಳಪದ ಬಿಲ್ಲೆಗಿಂತ ಚೆನ್ನಾಗಿ, ಹಾಕಿದ ಕಡೆ ಹಾಕಿದ ಹಾಗೆ ಕೂರುತ್ತಿತ್ತು. ಬೇರೆಯವರು ಅದನ್ನು ಮುಟ್ಟುತ್ತಿರಲಿಲ್ಲ. ಕಳವಾಗುವ ಭಯವಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಬೆರಳು ಸಣ್ಣವು, ವಾರು ಪೋಣಿಸಲು ಅಪ್ಪನಿಗೆ ಬೇಕಾಗಿದ್ದವು, ಅಷ್ಟೇ ಕಾರಣ.

ಮೃದಂಗದ ಎರಡು ಬಾಯಿಗೂ ಚರ್ಮದ ಮುಚ್ಚಿಗೆ. ಎರಡನ್ನೂ ಸೇರಿಸಿ ಬಿಗಿಯುವುದು ಉದ್ದಕ್ಕೆ ಎಳೆದ ಒಂದೇ ಎಮ್ಮೆ ಚರ್ಮದ ವಾರು. ಒಂದು ಕಡೆ ಬಿಚ್ಚಿದರೆ ಇನ್ನೊಂದು ಕಡೆಯೂ ಸಡಿಲ. ಬಲಗಡೆಯ ಮುಚ್ಚಿಗೆಯಲ್ಲಿ ಯಾವ ಯಾವ ಪ್ರಾಣಿಯ ಚರ್ಮ ಇದೆಯೆಂದು ಚಪ್ಪರದ ಮುಂದಿನ ಸಾಲಿನ ದೊಡ್ಡವರಿಗೆಲ್ಲ ಗೊತ್ತು. ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಅಪ್ಪನ ಕೈಯಲ್ಲಿರುವ ತನಕ ಅದು ಹೊಲಸು. ವಾರು ಎಳೆದು, ಕರಿ ಹಚ್ಚಿ, ವಿದ್ವಾಂಸರ ಮಡಿಲಿಗೆ ಇಟ್ಟರೆ ದೇವರು. ಅದಕ್ಕೆ ಕುಂಕುಮ ಬೇರೆ.

ನನಗೆ ಹತ್ತು ವರ್ಷವಾದ ಆ ಸಲ ರಾಮನವಮಿ ಶನಿವಾರ ಬಿತ್ತು. ಅವತ್ತಿನಿಂದ ಏಳು ಸಂಜೆ ಸಂಗೀತ ಕಚೇರಿ, ಶುಕ್ರವಾರಕ್ಕೆ ಮುಕ್ತಾಯ. ಆ ಶುಕ್ರವಾರವೇ ನಮ್ಮ ಶುಭ ಶುಕ್ರವಾರ, ಯೇಸುಸ್ವಾಮಿಯನ್ನು ಶಿಲುಬೆಗೆ ಹಾಕಿದ ದಿನ. ಹಬ್ಬವೆರಡು ಹೀಗೆ ಒಂದರ ಬಾಲಕ್ಕೆ ಒಂದು ಗಂಟು ಬೀಳುವುದು ಹೊಸದಲ್ಲ. ಆದರೆ ನಮ್ಮ ಗಲ್ಲಿಯಲ್ಲಿ ಒಂದು ಕಟ್ಟು ಇತ್ತು. ಆ ದಿನ ಯಾರೂ ಸುತ್ತಿಗೆ ಎತ್ತಬಾರದು. ಮೊಳೆ ಹೊಡೆಯಬಾರದು, ಸೌದೆ ಸೀಳಬಾರದು, ಒರಳಲ್ಲಿ ಕುಟ್ಟಬಾರದು. ಹೊಡೆದ ಏಟು ಸ್ವಾಮಿಯ ಅಂಗೈಗೆ ಬೀಳುತ್ತದೆ ಅನ್ನುವ ನಂಬಿಕೆ. ಚರ್ಚಿನ ಗಂಟೆಗೂ ಅವತ್ತು ಏಟಿಲ್ಲ, ಮರದ ಗಿಲಕಿ ತಿರುಗಿಸುತ್ತಿದ್ದರು.

ಅಪ್ಪನ ಕೆಲಸವೆಲ್ಲ ಏಟಿನದೇ. ಮೃದಂಗದ ಅಂಚಿನ ಮೇಲೆ ಮರದ ಗೂಟ ಇಟ್ಟು ಕಲ್ಲಿನಿಂದ ಹೊಡೆದರೆ ಶ್ರುತಿ ಏರುತ್ತದೆ, ಕೆಳಗಿನಿಂದ ಹೊಡೆದರೆ ಇಳಿಯುತ್ತದೆ. ಅದಕ್ಕೇ ಆ ಶುಕ್ರವಾರಕ್ಕೆ ಮುಂಚಿನ ಗರಿಗಳ ಭಾನುವಾರ ಪೂಜೆ ಮುಗಿದ ಮೇಲೆ ಅಪ್ಪ ಓಲೆಗರಿ ಹಿಡಿದುಕೊಂಡು ಪಾದ್ರಿಗಳ ಹಿಂದೆ ಹೋದ. ನಾನು ಅಪ್ಪನ ಹಿಂದೆ.

"ಸ್ವಾಮಿ, ಶುಕ್ರವಾರ ಸುತ್ತಿಗೆ ಮುಟ್ಟಲ್ಲ. ಕಲ್ಲಲ್ಲಿ ಮೆಲ್ಲಗೆ ತಟ್ಟಬೋದಾ?"

"ಯಾವುದರಲ್ಲಿ ತಟ್ಟಿದರೂ ಅದು ಸುತ್ತಿಗೆಯೇ, ಚೌರಪ್ಪ."

"ಒಂದೇ ಒಂದು ಏಟು?"

"ಮೊಳೆ ಹೊಡೆದವನೂ ಹಾಗೇ ಅಂದುಕೊಂಡಿರುತ್ತಾನೆ. ಆ ದಿನ ಕಲ್ಲು ಎತ್ತಿದವರು ಪಾಸ್ಕದ ಹಬ್ಬಕ್ಕೆ ಪರಮ ಪ್ರಸಾದಕ್ಕೆ ಬರೋದು ಬೇಡ."

ಪಾಸ್ಕವೆಂದರೆ ಸತ್ತ ಸ್ವಾಮಿ ಮತ್ತೆ ಎದ್ದ ಭಾನುವಾರ. ಅವತ್ತು ಪಾದ್ರಿಗಳು ನಾಲಿಗೆಯ ಮೇಲಿಡುವ ಪ್ರಸಾದಕ್ಕೆ ಏಳದೆ ಕೂತವರನ್ನು ಇಡೀ ಊರು ತಿರುಗಿ ನೋಡುತ್ತಿತ್ತು. ಅಪ್ಪನ ಮಟ್ಟಿಗೆ ಅದು ಇನ್ನೂ ದೊಡ್ಡದು. ಚರ್ಚಿನಲ್ಲೂ ನಮ್ಮ ಪಕ್ಕ ಕೂತವರು ಸ್ವಲ್ಪ ಸರಿದೇ ಕೂರುತ್ತಿದ್ದರು. ದೇವರ ಮನೆಯಲ್ಲಿ ಮೂಗು ಮುಚ್ಚಲು ಆಗುವುದಿಲ್ಲವಲ್ಲ, ಸರಿಯುತ್ತಿದ್ದರು. ವರ್ಷಕ್ಕೊಮ್ಮೆ ಒಗೆದ ಬಿಳಿ ಅಂಗಿ ಹಾಕಿಕೊಂಡು ಎಲ್ಲರ ನಡುವೆ ನಡೆದುಹೋಗಿ ಮಂಡಿಯೂರುವುದು ಅಪ್ಪನಿಗೆ ಬೇಕಿತ್ತು. ಅವನು ಲೆಕ್ಕ ಹಾಕಿಕೊಂಡ. ಗುರುವಾರಕ್ಕೆ ಎಲ್ಲ ಮುಗಿಸಿ ಕೊಟ್ಟುಬಿಡುವುದು, ಶುಕ್ರವಾರ ಕಲ್ಲನ್ನು ಮನೆಯಲ್ಲೇ ಬಿಟ್ಟು ಸುಮ್ಮನೆ ಹೋಗಿ ಕೂರುವುದು.

ಏಳು ದಿನವೂ ನಾವು ಕೂರುತ್ತಿದ್ದದ್ದು ವೇದಿಕೆಯ ಹಿಂದೆ, ಪರದೆಯ ಸೀಳಿನ ಪಕ್ಕ. ಏಳು ದಿನಕ್ಕೂ ಮೃದಂಗಕ್ಕೆ ಒಬ್ಬರೇ ವಿದ್ವಾಂಸರು. ಶ್ರುತಿ ಇಳಿದರೆ ಅವರು ಎಡಗೈ ಹಿಂದಕ್ಕೆ ಚಾಚುತ್ತಿದ್ದರು, ಅಪ್ಪ ಕಲ್ಲು ಕೊಡುತ್ತಿದ್ದ. ನನ್ನ ಕೆಲಸ ರವೆ. ಚಿರೋಟಿ ರವೆಯನ್ನು ನೀರಲ್ಲಿ ಕಲಸಿ ಮಿದ್ದು ಉಂಡೆ ಮಾಡಿಟ್ಟರೆ ವಿದ್ವಾಂಸರು ಅದನ್ನು ಎಡಗಡೆಯ ಮುಚ್ಚಿಗೆಗೆ ಮೆತ್ತಿಕೊಳ್ಳುತ್ತಿದ್ದರು. ಆಗಲೇ ಆ ಕಡೆಗೆ ಗುಂ ಅನ್ನುವ ತೂಕದ ದನಿ. ಕಚೇರಿ ಮುಗಿದ ತಕ್ಷಣ ಅದನ್ನು ಚಮಚದ ಹಿಡಿಯಿಂದ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಬಿಟ್ಟರೆ ಜಿರಳೆ ಬರುತ್ತದೆ, ಇಲಿ ಬರುತ್ತದೆ.

ಹಿಂದಿನಿಂದ ಕಂಡದ್ದೇನೆಂದರೆ ಬೆನ್ನುಗಳು. ಬೆವರಿನಲ್ಲಿ ಅಂಟಿದ ಜುಬ್ಬಗಳು. ದೇವರನ್ನು ಕರೆಯುವ ಸಾಲಿನ ನಡುವೆ ಬೆನ್ನು ಕೆರೆದುಕೊಳ್ಳುವ ಕೈಗಳು. ನಶ್ಯ ಏರಿಸಿ ಸೀನಿ, ಮೂಗು ಒರೆಸಿದ ವಸ್ತ್ರದಲ್ಲೇ ಬಾಯಿ ಒರೆಸಿ ಮುಂದಿನ ಸ್ವರ ಹಿಡಿಯುವ ಗಾಯಕರು. ಸೀಳಿನಿಂದ ಮುಂದಿನ ಸಾಲೂ ಕಾಣುತ್ತಿತ್ತು. ಜರಿ ಪೇಟದ ಒಬ್ಬರು ಪ್ರತಿದಿನ ರಾಗ ಶುರುವಾದ ಕೂಡಲೇ ಬಾಯಿ ತೆರೆದು ಗೊರಕೆ ಹೊಡೆದು, ಚಪ್ಪಾಳೆಗೆ ಎದ್ದು, ಎಲ್ಲರಿಗಿಂತ ಮೊದಲು "ಭೇಷ್" ಅನ್ನುತ್ತಿದ್ದರು. ಕೋಸಂಬರಿ ತಿಂದ ಕೈಯನ್ನು ಕುರ್ಚಿಯ ಬಟ್ಟೆಗೆ ಒರೆಸುವವರು, ಪಾನಕದ ಲೋಟದಲ್ಲಿ ಎಲೆ ಅಡಿಕೆ ಉಗಿಯುವವರು. ಮಾರನೆಯ ದಿನ ಅದೇ ಲೋಟ ತೊಳೆದು ಇನ್ನೊಬ್ಬರಿಗೆ ಕೊಡುತ್ತಿದ್ದರು. ನಮಗೆ ಮಾತ್ರ ಬೇರೆ ಲೋಟ, ಹಿಂದೆ ಕಂಬಕ್ಕೆ ಸಿಕ್ಕಿಸಿದ್ದು. ಒಂದು ಲೆಕ್ಕದಲ್ಲಿ ಅದೇ ಶುದ್ಧ.

ಬುಧವಾರ ಹಾಡಿದವರು ಹೆಂಗಸು. ಹೆಂಗಸರ ಶ್ರುತಿಗೆಂದು ವಿದ್ವಾಂಸರು ಒಂದು ಸಣ್ಣ ಮೃದಂಗ ತಂದಿದ್ದರು. ಶುಕ್ರವಾರದ ಗಾಯಕಿಗೂ ಅದೇ ಬೇಕಿತ್ತು. ಅಂಥದ್ದು ಇದ್ದದ್ದು ಅದೊಂದೇ. ಕಚೇರಿ ಮುಗಿಯಿತು. ನಾನು ಚಮಚ ತೆಗೆದುಕೊಂಡು ಕೂರುವಷ್ಟರಲ್ಲಿ ಸಮಿತಿಯ ಕಾರ್ಯದರ್ಶಿ ಶ್ರೀಕಂಠಯ್ಯನವರು ಬಂದರು. ಯಾದವಗಿರಿಯ ಬಂಗಲೆಯವರು, ಅವರ ತಂದೆ ಅರಮನೆಯಲ್ಲಿ ದೊಡ್ಡ ಕೆಲಸದಲ್ಲಿದ್ದವರು. ವಿದ್ವಾಂಸರು ಇಳಿದುಕೊಂಡಿದ್ದದ್ದೂ ಅವರ ಮನೆಯಲ್ಲೇ.

"ಏ ಹುಡುಗಿ, ಆ ಪೀಕದಾನಿ ತಗೊಂಡ್ಹೋಗಿ ಚೆಲ್ಲಿ ತೊಳೆದಿಡು. ಬೇಗ."

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕಲ್ಲನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

ಹಿತ್ತಾಳೆಯದು, ಭಾರವಾಗಿತ್ತು. ಮೂರು ಜನರ ಎಂಜಲು, ಕಫ, ಅಡಿಕೆ, ತಂಬಾಕು. ನಡೆಯುವಾಗ ಅದು ಒಳಗೆ ತುಳುಕಾಡಿ ಹೆಬ್ಬೆರಳಿಗೆ ತಾಗಿತು. ಚರಂಡಿಯ ಹತ್ತಿರ ಮೊದಲು ನನ್ನ ಹೊಟ್ಟೆಯಲ್ಲಿದ್ದದ್ದನ್ನು ಚೆಲ್ಲಿದೆ, ಆಮೇಲೆ ಅವರದ್ದನ್ನು. ನಲ್ಲಿಯ ಕೆಳಗೆ ಕೈ ಹಿಡಿದುಕೊಂಡು ನಿಂತೇ ಇದ್ದೆ. ವರ್ಷವೆಲ್ಲ ಹಸಿ ಚರ್ಮ ಹೆರೆಯುವವಳು ನಾನು. ಆದರೂ ಆ ಎಂಜಲು ನನ್ನ ಚರ್ಮದ ಒಳಕ್ಕೇ ಹೋಯಿತು ಅನ್ನಿಸಿತು.

ಮನೆಯ ದಾರಿಯಲ್ಲಿ ಸೈಕಲ್ಲು ತಳ್ಳುತ್ತಾ ಅಪ್ಪ ಕೇಳಿದ.

"ರವೆ ತೆಗುದ್ಯಾ?"

ಆಗ ನೆನಪಾಯಿತು, ತೆಗೆದಿರಲಿಲ್ಲ. ಹಾಗಂದರೆ ವಾಪಸ್ಸು ಹೋಗಬೇಕಾಗುತ್ತದೆ, ಆ ಪೀಕದಾನಿಯ ಪಕ್ಕ ಮತ್ತೆ ಕೂರಬೇಕಾಗುತ್ತದೆ.

"ಊಂ ಕಣಪ್ಪ, ತೆಗುದ್ಬುಟ್ಟೆ."

ಗುರುವಾರ ಬೆಳಿಗ್ಗೆ ನಾವು ಗಂಜಿ ಕುಡಿಯುತ್ತಿದ್ದಾಗ ಶ್ರೀಕಂಠಯ್ಯನವರೇ ಜಟಕಾದಲ್ಲಿ ಬಂದರು. ಗಲ್ಲಿಯೊಳಗೆ ಇಳಿಯಲಿಲ್ಲ. ಮೂಗಿಗೆ ವಸ್ತ್ರ ಹಿಡಿದು ಗಾಡಿಯಲ್ಲೇ ಕೂತು ಮೃದಂಗವನ್ನು ಇಳಿಸಿಕೊಟ್ಟರು. ಎಡಗಡೆಯ ಮುಚ್ಚಿಗೆಯಲ್ಲಿ ನನ್ನ ಮುಷ್ಟಿ ಹೋಗುವಷ್ಟು ತೂತು. ಸುತ್ತಲೂ ರವೆಯ ಬಿಳಿ, ಅದರ ಮೇಲೆ ಇಲಿಯ ಹಲ್ಲಿನ ಗುರುತು, ಕೆಳಗೆ ಎರಡು ಹಿಕ್ಕೆ.

"ಏನಯ್ಯಾ ಇದು? ವಿದ್ವಾಂಸರು ಬೆಳಿಗ್ಗೆಯಿಂದ ಕಾಫಿ ಮುಟ್ಟಿಲ್ಲ. ನಾಳೆ ಸಾಯಂಕಾಲಕ್ಕೆ ಇದು ಶ್ರುತಿ ಸೇರಿರಬೇಕು."

"ಎಡಕ್ಕೆ ಹೊಸ ಮುಚ್ಚಿಗೆ ಹಾಕ್ಬೇಕು ಬುದ್ಧಿ. ಇವತ್ತು ವಾರು ಎಳುದ್ರೆ, ನಾಳೆ ಬಿಸುಲು ಕಾದು ಚರ್ಮ ಬಿಗೀಬೇಕು. ಆಮೇಲೆ ಒಡುದು ಕೂರುಸ್ಬೇಕು. ಆದ್ರೆ ನಾಳೆ ನಮ್ಮಲ್ಲಿ..."

"ನಿಮ್ಮಲ್ಲಿ ಏನಾದರೂ ಇರಲಿ. ಆಗಲ್ಲ ಅಂದರೆ ಈಗಲೇ ಹೇಳಿಬಿಡು. ಬೆಂಗಳೂರಿಂದ ಒಬ್ಬನನ್ನ ಕರೆಸ್ತೀನಿ. ಬರೋ ವರ್ಷನೂ ಅವನೇ ಬರಲಿ. ಅವನಿಗೂ ತೊಂದರೆ ಇಲ್ಲ, ನಿನಗೂ ತೊಂದರೆ ಇಲ್ಲ."

ಜಟಕಾ ತಿರುಗಿತು. ಚಪ್ಪರದ ಆ ಜಾಗ ಹೋದರೆ ಊರಿನ ಯಾವ ವಿದ್ವಾಂಸರೂ ಅಪ್ಪನ ಹತ್ತಿರ ಬರುವುದಿಲ್ಲ. ಅದು ನನಗೂ ಗೊತ್ತಿತ್ತು. ಅಪ್ಪ ತೂತಿನ ಅಂಚನ್ನು ಬೆರಳಲ್ಲಿ ಸವರಿ ನನ್ನನ್ನು ನೋಡಿದ. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

"ತೆಗುದ್ಬುಟ್ಟೆ ಅಂದ್ಯಲ್ಲೇ."

ಪೀಕದಾನಿಯ ವಿಷಯ ಹೇಳಬಹುದಿತ್ತು. ಅದು ಅವನ ಎದುರಿಗೇ ನಡೆದದ್ದು.

ಅವತ್ತೆಲ್ಲ ಹಳೇ ಮುಚ್ಚಿಗೆ ಬಿಚ್ಚಿ, ಸಿದ್ಧವಿಟ್ಟಿದ್ದ ಹೊಸದನ್ನು ಕೂರಿಸಿ, ನಾನು ವಾರು ಪೋಣಿಸಿದೆ, ಅಪ್ಪ ಕಾಲು ಕೊಟ್ಟು ಎಳೆದ. ಹೊತ್ತು ಮುಳುಗುವುದರೊಳಗೆ ಎಳೆದು ಮುಗಿಸಿದ. ಉಳಿದದ್ದು ಕಲ್ಲಿನ ಕೆಲಸ ಮಾತ್ರ. ಅದನ್ನು ಗುರುವಾರವೇ ಮಾಡುವ ಹಾಗಿರಲಿಲ್ಲ. ಹೊಸ ಚರ್ಮ ಒಂದು ರಾತ್ರಿ ಎಳೆತ ತಿಂದು, ಒಂದು ಹೊತ್ತು ಬಿಸಿಲು ತಿನ್ನದೆ ಮಾತು ಕೇಳುವುದಿಲ್ಲ. ಚರ್ಮಕ್ಕೆ ಶುಭ ಶುಕ್ರವಾರ ಗೊತ್ತಿಲ್ಲ.

ಶುಕ್ರವಾರ ಬೆಳಿಗ್ಗೆ ಅವ್ವ ಒಲೆ ಹಚ್ಚಲಿಲ್ಲ. ಉಪವಾಸ. ಅಪ್ಪ ಮೃದಂಗವನ್ನು ಸೈಕಲ್ಲಿಗೆ ಕಟ್ಟುವುದನ್ನು ನೋಡಿ ಬಾಗಿಲಿಗೆ ಬಂದು ನಿಂತಳು.

"ಎಲ್ಲಿಗೆ?"

"ಕೊಟ್ಟುಬುಟ್ಟು ಬತ್ತೀನಿ."

"ಕಲ್ಲು ಯಾಕೆ ಮತ್ತೆ?"

"ನಾನು ಮುಟ್ಟಲ್ಲ ಕಣೇ. ಮುಟ್ಟಲ್ಲ ಅಂದ್ಮೇಲೆ ಮುಟ್ಟಲ್ಲ. ಗ್ಯಾನೀ, ಬಾ, ಸೈಕಲ್ ಅತ್ತು."

ಯಾದವಗಿರಿಯ ಬಂಗಲೆಯ ಹಿತ್ತಲಲ್ಲಿ ಒಂದು ಬಾದಾಮಿ ಮರವಿತ್ತು. ಮೃದಂಗವನ್ನು ಬಿಸಿಲಲ್ಲಿ ಇಟ್ಟು ನಾವು ನೆರಳಲ್ಲಿ ಕೂತೆವು. ಒಳಗೆ ಸಾರಿಗೆ ಒಗ್ಗರಣೆ ಬಿತ್ತು, ನನ್ನ ಖಾಲಿ ಹೊಟ್ಟೆ ಕೂಗಿತು. ಹನ್ನೆರಡು ದಾಟಿದ ಮೇಲೆ ವಿದ್ವಾಂಸರು ಊಟ ಮುಗಿಸಿ, ಎಲೆ ಮಡಚಿ ಬಾಯಿಗಿಟ್ಟುಕೊಂಡು ಹಿತ್ತಲಿಗೆ ಬಂದರು. ಒಳ್ಳೆ ಮನುಷ್ಯರೆಂದು ಹೆಸರು. ಬಗ್ಗಿ ಬೆರಳಲ್ಲಿ ಬಲಗಡೆ ಒಮ್ಮೆ ಮೀಟಿ ಮುಖ ಕಿವುಚಿದರು.

"ಸತ್ತ ದನಿ. ಹೊಡಿಯಯ್ಯ ಚೌರಪ್ಪ."

ಅಪ್ಪ ಗಂಟು ಬಿಚ್ಚಿದ. ಕಲ್ಲನ್ನು ಬಟ್ಟೆಯ ಸಮೇತ, ಬೆರಳು ತಾಗದ ಹಾಗೆ ನನ್ನ ಮಡಿಲಿಗೆ ಉರುಳಿಸಿದ. ಗೂಟವನ್ನೂ ಹಾಗೇ. ಆಮೇಲೆ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತ.

"ಏನಯ್ಯಾ ಇದು, ಮಗು ಕೈಗೆ ಕೊಡ್ತೀಯ?"

"ನಮ್ಮಲ್ಲಿ ಇವತ್ತು ಏಟು ಆಕಂಗಿಲ್ಲ ಬುದ್ಧಿ."

"ಇವಳೂ ನಿಮ್ಮವಳೇ ಅಲ್ಲವೇನಯ್ಯಾ?"

"ಮಕ್ಕಳಿಗೆ ಪಾಪ ಅತ್ತಲ್ಲ ಬುದ್ಧಿ. ಅಲ್ದೆ, ಕೆಡ್ಸಿದ್ದು ಅವ್ಳೇ. ಅವ್ಳೇ ಸರಿಮಾಡ್ಲಿ."

ವಿದ್ವಾಂಸರು ನಕ್ಕರು. "ನಿಮ್ಮ ದೇವರು ಪರವಾಗಿಲ್ಲ ಕಣಯ್ಯ, ಸಂದಿಗೊಂದಿ ಇಟ್ಟಿದ್ದಾನೆ" ಅಂದು ಮೆಟ್ಟಿಲ ಮೇಲೆ ಕೂತು ಶ್ರುತಿ ಹಿಡಿದು ಗುನುಗತೊಡಗಿದರು.

ಮಕ್ಕಳಿಗೆ ಪಾಪ ಹತ್ತುವುದಿಲ್ಲ ಅನ್ನುವುದು ಸುಳ್ಳು. ಎಂಟನೇ ವಯಸ್ಸಿಗೇ ನಾನು ಮೊದಲ ಪ್ರಸಾದ ತೆಗೆದುಕೊಂಡಿದ್ದೆ. ಏಳು ವರ್ಷ ತುಂಬಿದ ಮೇಲೆ ತಪ್ಪು ಸರಿ ನಿಮ್ಮ ಲೆಕ್ಕಕ್ಕೇ ಎಂದು ಅದಕ್ಕೆ ಮುಂಚೆ ಬಾಯಿಪಾಠ ಮಾಡಿಸಿದ್ದರು. ಆ ಪಾಠ ತಪ್ಪದ ಹಾಗೆ ಸಂಜೆ ಸಂಜೆ ಒಪ್ಪಿಸಿಕೊಂಡಿದ್ದವನು ಅಪ್ಪನೇ.

"ಮೂರ್ನೇ ಕಣ್ಣು ಇಳ್ದದೆ. ಮೇಲಿಂದ ಒಡಿ."

ನಾನು ಗೂಟ ಇಟ್ಟು ಹೊಡೆದೆ. ಮೊದಲ ಏಟಿಗೇ ಕಲ್ಲು ಜಾರಿ ಹೆಬ್ಬೆರಳಿಗೆ ಬಿತ್ತು.

"ಇನ್ನೂ ಒಂಚೂರು. ಸಾಕು. ಎದುರುಗಡೆ ಕಣ್ಣು. ಅಲ್ಲಲ್ಲ, ಅದರ ಪಕ್ದು."

ಅಂಚಿನ ಸುತ್ತ ವಾರು ಹಾಯುವ ಹದಿನಾರು ಕಣ್ಣು. ಹದಿನಾರೂ ಒಂದೇ ದನಿಯಲ್ಲಿ ಮಾತಾಡಬೇಕು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ, ಬಾಯಲ್ಲಿ ಹೇಳುತ್ತಿದ್ದ, ನಾನು ಹೊಡೆಯುತ್ತಿದ್ದೆ. ಆರೇಳು ಕಣ್ಣಾದ ಮೇಲೆ ಅವನು ಹೇಳುವ ಮೊದಲೇ ಯಾವುದು ಇಳಿದಿದೆ ಎಂದು ನನಗೆ ಕೇಳತೊಡಗಿತು. ಹತ್ತಾದ ಮೇಲೆ ಅವನು ಹೇಳುವುದನ್ನೇ ಬಿಟ್ಟ. ಕೊನೆಯ ಕಣ್ಣಿಗೆ ಒಂದು ಸಣ್ಣ ಏಟು ಕೊಟ್ಟು ಬೆರಳಲ್ಲಿ ಮೀಟಿದೆ. ಆ ದನಿ ವಿದ್ವಾಂಸರ ಗುನುಗಿನೊಳಗೆ ಹೋಗಿ ಕಾಣೆಯಾಯಿತು. ಎರಡಿತ್ತು, ಒಂದಾಯಿತು.

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ. ಸ್ವಾಮಿ ಶಿಲುಬೆಯ ಮೇಲೆ ನೇತಾಡುವ ಹೊತ್ತಿನಲ್ಲಿ, ಹೊಟ್ಟೆಗಿಲ್ಲದೆ, ಹೆಬ್ಬೆರಳು ಊದಿಕೊಂಡು, ನನಗೆ ಖುಷಿಯಾಯಿತು.

"ಭಲೇ" ಅಂದರು ವಿದ್ವಾಂಸರು. ಅಪ್ಪ ಕಂಕುಳಿಂದ ಕೈ ತೆಗೆದ.

ಮೂರು ಗಂಟೆಗೆ ನಾವಿಬ್ಬರೂ ಚರ್ಚಿನಲ್ಲಿದ್ದೆವು. ಗಿಲಕಿ ತಿರುಗಿತು. ಸಾಲಾಗಿ ಹೋಗಿ ಶಿಲುಬೆಯ ಪಾದಕ್ಕೆ ಮುತ್ತಿಡಬೇಕು. ಅಪ್ಪ ಮಂಡಿಯೂರಿ ಮೊಳೆ ಹೊಡೆದ ಜಾಗಕ್ಕೇ ತುಟಿ ಒತ್ತಿ, ಕಣ್ಣು ಒರೆಸಿಕೊಂಡು ಎದ್ದ. ಕಣ್ಣಲ್ಲಿ ನಿಜವಾಗಿ ನೀರಿತ್ತು.

ಸಂಜೆ ಚಪ್ಪರ ತುಂಬಿತ್ತು. ಗಾಯಕಿ ಚೆನ್ನಾಗಿ ಹಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಿದ್ದು ಮೃದಂಗವೊಂದನ್ನೇ. ಎರಡೂವರೆ ಗಂಟೆ ಅದು ಒಂದು ಕೂದಲೆಳೆಯೂ ಇಳಿಯಲಿಲ್ಲ. ಒಂದೇ ಒಂದು ಸಲವೂ ಕೈ ಹಿಂದಕ್ಕೆ ಬರಲಿಲ್ಲ. ಮಂಗಳ ಹಾಡುವ ಮೊದಲು ವಿದ್ವಾಂಸರು ಮೈಕನ್ನು ಎಳೆದುಕೊಂಡರು.

"ಈ ವಾದ್ಯ ನಿನ್ನೆ ಬೆಳಿಗ್ಗೆ ಸತ್ತುಹೋಗಿತ್ತು. ಎಬ್ಬಿಸಿದವನು ಪರದೆ ಹಿಂದೆ ಇದ್ದಾನೆ. ಎಲ್ಲಿ ಚೌರಪ್ಪ, ಮುಂದಕ್ಕೆ ಬಾರಯ್ಯ. ಈ ಕೈಗೆ ಒಂದು ಚಪ್ಪಾಳೆ ಹೊಡೀರಿ."

ಹಿತ್ತಲಲ್ಲಿ ಮೆಟ್ಟಿಲ ಮೇಲೆ ಕೂತು ಕಣ್ಣಾರೆ ನೋಡಿದ ಮನುಷ್ಯರು ಇವರೇ. ಮೃದಂಗ ಕಟ್ಟುವವನನ್ನು ವೇದಿಕೆಗೆ ಕರೆದದ್ದು ಆ ಚಪ್ಪರದಲ್ಲಿ ಅದೇ ಮೊದಲು. ಅಪ್ಪ ಹೋದ. ಶ್ರೀಕಂಠಯ್ಯನವರು ಕೈ ತಾಗದ ಹಾಗೆ ಮೇಲಿಂದ ಶಾಲು ಬಿಟ್ಟರು, ಅದು ಅಪ್ಪನ ಹೆಗಲ ಮೇಲೆ ಅರ್ಧ ಬಿತ್ತು, ಅರ್ಧ ನೇತಾಡಿತು. ಜರಿ ಪೇಟದವರು "ಭೇಷ್" ಅಂದರು. ಅಪ್ಪ ಎರಡೂ ಕೈ ಎತ್ತಿ ಮುಗಿದ. ಮಧ್ಯಾಹ್ನ ಕಂಕುಳಲ್ಲಿ ಬಚ್ಚಿಟ್ಟಿದ್ದ ಕೈಗಳು.

ಪರದೆಯ ಸೀಳಿನಿಂದ ನೋಡುತ್ತಾ ಕಾಯುತ್ತಲೇ ಇದ್ದೆ. "ನನ್ನ ಮಗಳು" ಅನ್ನುವ ಎರಡು ಮಾತಿಗೆ. ಅಪ್ಪ ಮೈಕಿನ ಹತ್ತಿರವೇ ಇದ್ದ.

ಶನಿವಾರ ಪಾಪನಿವೇದನೆ. ಜಾಲರಿಯ ಈಚೆ ಮಂಡಿಯೂರಿದೆ. ನನ್ನ ಹಿಂದೆ ಸಾಲಿನಲ್ಲಿ ಅಪ್ಪ.

"ರವೆ ತೆಗೆದೆ ಅಂತ ಸುಳ್ಳು ಹೇಳಿದೆ ಸ್ವಾಮಿ. ಶುಭ ಶುಕ್ರವಾರ ಕಲ್ಲು ಎತ್ತಿ ಹೊಡೆದೆ."

ಜಾಲರಿಯ ಆಚೆಯಿಂದ ಪಾದ್ರಿಗಳು ಕೇಳಿದರು. "ಎಷ್ಟು ಏಟು?"

"ಎಣಿಸಲಿಲ್ಲ ಸ್ವಾಮಿ."

"ಯಾರು ಹೇಳಿದರು ಹೊಡಿ ಅಂತ?"

ನನ್ನ ಹಿಂದೆ ಇಳಿಬಿಟ್ಟಿದ್ದ ಪರದೆಯ ಕೆಳಗೆ ಅಪ್ಪನ ಪಾದ ಕಾಣುತ್ತಿತ್ತು. ವಾರು ಎಳೆದು ಎಳೆದು ಹೆಬ್ಬೆರಳು ಓರೆಯಾದ ಪಾದ. ಸ್ವಲ್ಪವೂ ಅಲುಗಲಿಲ್ಲ. ಕೇಳಿಸಿಕೊಳ್ಳುತ್ತಿದ್ದ ಅಂತ ಗೊತ್ತಾಯಿತು.

"ಯಾರೂ ಇಲ್ಲ ಸ್ವಾಮಿ."

"ನಾಳೆ ಪ್ರಸಾದಕ್ಕೆ ಬರಬೇಡ. ಒಂದು ವಾರ ಯೋಚನೆ ಮಾಡಿ ಬಾ."

ನಾನು ಎದ್ದೆ. ಅಪ್ಪ ಒಳಗೆ ಹೋದ. ಒಂದು ಪರಲೋಕಮಂತ್ರ ಹೇಳುವಷ್ಟು ಹೊತ್ತಿಗೆ ಹೊರಗೆ ಬಂದ. ಹೇಳುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲವಲ್ಲ.

ಪಾಸ್ಕದ ದಿನ ಬಿಳಿ ಅಂಗಿ, ಹೆಗಲ ಮೇಲೆ ಹೊಸ ಶಾಲು. ಶಾಲಿಗೋ ಏನೋ, ಅವತ್ತು ಪಕ್ಕದವರು ಸರಿಯಲಿಲ್ಲ. ಗಂಟೆ ಬಾರಿಸಿದಾಗ ಎಲ್ಲರೂ ಎದ್ದರು. ಅಪ್ಪ ನಡುದಾರಿಯಲ್ಲಿ ತಲೆ ಎತ್ತಿ ನಡೆದುಹೋಗಿ, ಮಂಡಿಯೂರಿ, ಕಣ್ಣು ಮುಚ್ಚಿ ನಾಲಿಗೆ ಚಾಚಿದ. ನಾನು ಕೂತಿದ್ದೆ. ಜನ ತಿರುಗಿ ನೋಡಿದರು. ಹತ್ತು ವರ್ಷದ ಹುಡುಗಿಗೆ ಪ್ರಸಾದ ಇಲ್ಲವೆಂದರೆ ಏನು ಮಾಡಿರಬಹುದು ಎಂದು ಅವರವರಿಗೆ ಬೇಕಾದಂತೆ ಯೋಚಿಸಿದರು. ಅವ್ವ ಏಳಲು ಹೊರಟವಳು ನನ್ನನ್ನು ನೋಡಿ ನಿಂತಳು.

"ಬಾ."

"ನಂಗೆ ಬೇಡ ಅಂದವ್ರೆ."

ಅವ್ವ ನನ್ನ ಊದಿದ ಹೆಬ್ಬೆರಳು ನೋಡಿದಳು, ಮುಂದೆ ಮಂಡಿಯೂರಿದ್ದ ಬೆನ್ನು ನೋಡಿದಳು. ಸೆರಗು ಸರಿಮಾಡಿಕೊಂಡು ನನ್ನ ಪಕ್ಕ ಕೂತುಬಿಟ್ಟಳು. ಹಿಂದಿನಿಂದ ಯಾರೋ "ಅವಳಿಗೇನಂತೆ?" ಅಂದರು. ಅವ್ವ ತಿರುಗಿ "ಕಾಲು ನೋವು ಕಣ್ರೀ" ಅಂದಳು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅವ್ವ ಅಪ್ಪನನ್ನು ಕೇಳಿದಳು.

"ನಾಲಿಗೆ ಎಂಗೆ ಆಚೆ ಬಂತು ನಿಮ್ಗೆ?"

"ಸುಳ್ಳು ಹೇಳ್ದೋಳು ಅವ್ಳು."

"ಅವ್ಳು ರವೆ ವಿಷ್ಯಕ್ಕೆ ಹೇಳುದ್ಲು. ನೀವು?"

ಅಪ್ಪ ಶಾಲು ಮಡಚಿ ಪೆಟ್ಟಿಗೆಗೆ ಇಟ್ಟ. ಮಾಂಸ ಮುಟ್ಟದ ನಲವತ್ತು ದಿನದ ತಪಸ್ಸುಕಾಲ ಮುಗಿದಿತ್ತು, ಅವತ್ತು ಕುರಿ ಮಾಂಸದ ಸಾರು. ಊಟಕ್ಕೆ ಕೂತಾಗ ಅವನು ತನ್ನ ತಟ್ಟೆಯಿಂದ ಮೂಳೆಯ ಒಳ್ಳೇ ತುಂಡು ಎತ್ತಿ ನನ್ನ ತಟ್ಟೆಯ ಕಡೆ ಚಾಚಿದ. ನಾನು ತುಂಡನ್ನು ನೋಡಿದೆ, ಹಿಡಿದ ಬೆರಳನ್ನು ನೋಡಿದೆ, ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿದೆ. ಹಸಿವಾಗಿತ್ತು, ತಿಂದೆ.

ಈಗ ವಿಜಯನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊನ್ನೆ ಊರಿನ ಮೈದಾನದಲ್ಲಿ ಏಳು ದಿನ ಸಂಗೀತ ಇಟ್ಟಿದ್ದರು. ಒಂದು ದಿನ ಮೊಮ್ಮಗಳು ಎಳೆದುಕೊಂಡು ಹೋದಳು. ಮನೆಯೆತ್ತರದ ಸ್ಪೀಕರ್ ಪೆಟ್ಟಿಗೆಗಳು ಎದೆಗೆ ಗುದ್ದುತ್ತವೆ. ಹಾಡುವವನು ಹಾಡುವುದಕ್ಕಿಂತ ಹೆಚ್ಚಾಗಿ "ಮೈಸೂರು, ಕೈ ಎತ್ರೀ" ಅನ್ನುತ್ತಾನೆ. ಕೇಳಲು ಬಂದವರು ಬೆನ್ನು ತಿರುಗಿಸಿ ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಾರೆ. ಉಗಿಯುವವರು ಉಗಿಯುತ್ತಲೇ ಇದ್ದಾರೆ, ಪೀಕದಾನಿ ಮಾತ್ರ ಇಲ್ಲ. ಒಬ್ಬ ಹುಡುಗ ಮೃದಂಗ ತಂದಿದ್ದ. ಪ್ಲಾಸ್ಟಿಕ್ಕಿನ ಮುಚ್ಚಿಗೆ, ವಾರಿನ ಬದಲು ನಟ್ಟು ಬೋಲ್ಟು. ಸ್ಪ್ಯಾನರಿನಲ್ಲಿ ತಿರುಗಿಸಿ, ಫೋನು ನೋಡಿ ಶ್ರುತಿ ಸರಿಮಾಡಿಕೊಂಡ. ವಾಸನೆಯಿಲ್ಲ, ರವೆಯಿಲ್ಲ, ಇಲಿಯಿಲ್ಲ, ಪರದೆಯ ಹಿಂದೆ ಯಾರೂ ಕೂರಬೇಕಿಲ್ಲ. ಹೋದರೆ ಹೋಗಲಿ. ಚರ್ಮ ಹೆರೆಯುವ ಕೆಲಸಕ್ಕೆ ಯಾವ ಹೆಣ್ಣುಮಗುವೂ ಬೇಡ. ಆ ಚಪ್ಪರವೂ ಈಗ ಇಲ್ಲ, ಅಲ್ಲಿ ಕಾರು ನಿಲ್ಲಿಸುತ್ತಾರೆ. ಅದಕ್ಕೂ ನಾನು ಅಳುವುದಿಲ್ಲ. ಶುಭ ಶುಕ್ರವಾರ ನಮ್ಮ ಪಕ್ಕದ ಕ್ರೈಸ್ತರ ಮನೆಯಲ್ಲೇ ಗೋಡೆಗೆ ಡ್ರಿಲ್ಲು ಹಾಕುತ್ತಿದ್ದರು. ಹಾಕಿಕೊಳ್ಳಲಿ. ಹಾಕುವವರು ಅವರೇ ಹಾಕುತ್ತಿದ್ದರು, ಮಕ್ಕಳ ಕೈಗೆ ಕೊಟ್ಟಿರಲಿಲ್ಲ.

ಹೋದದ್ದು ಒಂದಿದೆ. ಅಪ್ಪ ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದ. ಕೆಟ್ಟವನಾಗಿ ಬದುಕಲಿಲ್ಲ. ಕುಡಿಯಲಿಲ್ಲ, ಅವ್ವನ ಮೇಲೆ ಕೈ ಮಾಡಲಿಲ್ಲ, ನನಗೆ ಶ್ರುತಿಯ ಕೆಲಸ ಪೂರ್ತಿ ಕಲಿಸಿದ, ಮದುವೆ ಮಾಡಿದ, ನನ್ನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಮೆರೆಸಿದ. ಆ ವಾರದವರೆಗೆ ಅವನು "ಬಾಯಿ ಬಿಡು" ಅಂದರೆ ನಾನು ಕಣ್ಣು ಮುಚ್ಚಿ ಬಾಯಿ ಬಿಡುತ್ತಿದ್ದೆ. ಬೆಲ್ಲವೋ ಬೇವೋ ಕೇಳುತ್ತಿರಲಿಲ್ಲ. ಆಮೇಲಿನ ಇಪ್ಪತ್ತೆರಡು ವರ್ಷ ಅವನು ಏನು ಕೊಟ್ಟರೂ, ಸೀರೆಯಾಗಲಿ, ಮಾತ್ರೆಯಾಗಲಿ, ಒಂದು ತುತ್ತು ಅನ್ನವಾಗಲಿ, ಮೊದಲು ಅವನ ಕೈಯನ್ನು ನೋಡಿ ಆಮೇಲೆ ತೆಗೆದುಕೊಂಡೆ. ಅದು ಅವನಿಗೂ ಗೊತ್ತಿತ್ತು. ನಾನು ನೋಡಿ ಮುಗಿಸುವ ತನಕ ಕೈ ಚಾಚಿಕೊಂಡೇ ನಿಂತಿರುತ್ತಿದ್ದ.